ಇಪ್ಪತ್ತಮೂರನೆಯ ಸಾಲಿನ ಷರಾ

ನವೆಂಬರ್ ಎರಡು, ಕಥೋಲಿಕರು ತಮ್ಮ ಸತ್ತವರನ್ನು ನೆನೆಯುವ ಆತ್ಮಗಳ ದಿನ, ಈ ವರ್ಷ ಭಾನುವಾರ ಬಿತ್ತು. ಅಂದು ಬೆಳಗ್ಗೆ ಚಾಮರಾಜನಗರದ ತನ್ನ ಪ್ರಾಟೆಸ್ಟೆಂಟ್ ಸಭೆಯ ಚರ್ಚಿನಲ್ಲಿ ಶಾಂತರಾಜು ಮೂವತ್ತೈದು ನಿಮಿಷ ಪ್ರಸಂಗ ಮಾಡಿದ. ಬೈಬಲಿನಲ್ಲಿ ಬರೆದಿಲ್ಲದ್ದನ್ನು ಭಕ್ತಿಯ ಹೆಸರಿನಲ್ಲಿ ಮಾಡಬಾರದು ಎಂಬುದು ವಿಷಯ. ಅವನು ನಾಲ್ಕು ಉದಾಹರಣೆ ಕೊಟ್ಟ. ಮೂರನೆಯದು, ಸತ್ತವರಿಗಾಗಿ ಪ್ರಾರ್ಥನೆ ಮಾಡುವುದು. ಹನ್ನೆರಡೂವರೆಯ ಬಸ್ಸಿಗೆ ಅವನು ಗುಂಡ್ಲುಪೇಟೆಗೆ ಹೊರಟ. ಅಲ್ಲಿ ಆ ಮೂರನೆಯದನ್ನು ತಾನೇ ಮಾಡಬೇಕಾಗಿತ್ತು.

ಅದಕ್ಕೆ ಕಾರಣ ಒಂದು ‘ಹೂಂ’. ಕಳೆದ ಫೆಬ್ರವರಿಯಲ್ಲಿ ಅವನ ಅಕ್ಕ ಸುಧಾಮಣಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಅವನ ಅಂಗಿಯ ತೋಳು ಹಿಡಿದು ಹೇಳಿದ್ದಳು: “ನವೆಂಬರ್ ಎರಡ್ಕೆ ಬಂದು, ನನ್ ಹೆಸ್ರೇಳಿ, ಒಂದ್ ಮಾತು ಬೇಡ್ಕೊಬುಡು ಕಣ್ಲಾ. ಜಾಸ್ತಿ ಬ್ಯಾಡ, ಒಂದೇ ಮಾತು.” ಶಾಂತರಾಜು ಹೂಂ ಎಂದ. ಆರು ದಿನದ ನಂತರ ಅವಳು ತೀರಿಕೊಂಡಳು. ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹನ್ನೊಂದು. ಅಲ್ಲಿಂದ ಮುಂದೆ ಅವನಿಗೆ ಅನ್ನ ಹಾಕಿ, ತಲೆ ಬಾಚಿ, ಮಗ್ಗಿ ಒಪ್ಪಿಸಿಕೊಂಡು ಬೆಳೆಸಿದವಳು ಅವಳು. ಕಥೋಲಿಕನೊಬ್ಬನನ್ನು ಮದುವೆಯಾಗಿ ಅವಳು ಆ ಸಭೆಗೆ ಹೋದಾಗ ಅವನು ಎರಡು ತಿಂಗಳು ಮಾತು ಬಿಟ್ಟಿದ್ದ. ಮೂರನೆಯ ತಿಂಗಳು ಅವಳ ಕೈಯ ಹುಳಿ ನೆನಪಾಗಿ ತಾನೇ ಹೋಗಿದ್ದ.

ಅವನು ಮೂವತ್ತನಾಲ್ಕು ವರ್ಷ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದವನು. ಅದರಲ್ಲಿ ಹನ್ನೆರಡು ವರ್ಷ ನಕಲು ವಿಭಾಗದಲ್ಲೇ ಕಳೆದಿತ್ತು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿ ಇಲ್ಲ ಎಂಬುದು ಅವನ ಕಸುಬಿನ ನಂಬಿಕೆ, ಧರ್ಮದ ನಂಬಿಕೆಯೂ ಅದೇ ಆಗಿತ್ತು. ಸಾಯುವವರ ಮುಂದೆ ಹೇಳಿದ ಹೂಂ ಬರೆದುಕೊಟ್ಟ ಮುಚ್ಚಳಿಕೆಗೆ ಸಮ ಎಂಬುದನ್ನೂ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಟು ತಿಂಗಳಿಂದ ಬೈಬಲನ್ನು ಮೊದಲಿಂದ ಕೊನೆಯವರೆಗೆ ತಿರುವಿ ಒಂದು ದಾರಿಗಾಗಿ ಹುಡುಕಿದ್ದ. ಸಿಕ್ಕಿರಲಿಲ್ಲ.

“ಹೂಂ ಅಂದಾಗ ಬೈಬಲ್ ಎಲ್ಲಿತ್ತು?” ಎಂದು ಹೆಂಡತಿ ನೀಲಾವತಿ ಕೇಳಿದಳು, ಬಸ್ಸಿಗೆ ಹೊರಟವನ ಕೈಗೆ ಹೂವಿನ ಚೀಲ ಕೊಡುತ್ತಾ.

“ಮನೇಲಿತ್ತು.”

“ಹಂಗಾರೆ ಇವತ್ತೂ ಮನೇಲೇ ಬುಟ್ಟೋಗಿ. ನಿಮ್ಮಕ್ಕ ಬೇಡ್ಕೊ ಅಂದ್ಲು, ರೆಫರೆನ್ಸ್ ಕೊಡು ಅನ್ನನಿಲ್ಲ.”

ಶಾಂತರಾಜು ಬೈಬಲನ್ನು ಚೀಲದೊಳಗೇ ಇಟ್ಟುಕೊಂಡ. ಬಸ್ಸು ತೆರಕಣಾಂಬಿ ದಾಟುವಾಗ ಹೊರಗೆ ಒಂದೆರಡು ಹೊಲದಲ್ಲಿ ಚೆಂಡುಹೂವು ಇನ್ನೂ ಉಳಿದಿತ್ತು. ಮೊಣಕಾಲ ಮೇಲೆ ಚೀಲದಲ್ಲೂ ಅದೇ ಹೂವು. ಹೂವು ಇಡುವುದಕ್ಕೆ ತನ್ನ ಸಭೆಯ ಆಕ್ಷೇಪವಿಲ್ಲ ಎಂದು ಸಭಾಪಾಲಕರಾದ ಸುಧಾಕರ್ ಅವರನ್ನು ಮೊದಲೇ ಕೇಳಿ ಖಚಿತ ಮಾಡಿಕೊಂಡಿದ್ದ. ಹೂವಿನ ಜೊತೆ ಇನ್ನೇನಾದರೂ ಇದೆಯೇ ಎಂದು ಸುಧಾಕರ್ ಕೇಳಿರಲಿಲ್ಲ. ಇವನೂ ಹೇಳಿರಲಿಲ್ಲ.

ಬಾವ ದೊರೆಸ್ವಾಮಿ ಜಗಲಿಯ ಮೇಲೇ ಕಾದಿದ್ದ. ವಯಸ್ಸು ಎಪ್ಪತ್ತೆರಡು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದ ಮೇಲೆ ಗುಂಡ್ಲುಪೇಟೆಯ ಕಥೋಲಿಕ ಚರ್ಚಿನಲ್ಲಿ ಉಪದೇಶಿಯಾಗಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದ. ಬಾವ ಮೈದುನರು ನಲವತ್ತು ವರ್ಷದಿಂದ ಸಿಕ್ಕಾಗಲೆಲ್ಲ ಒಂದೇ ಜಗಳ ಆಡುತ್ತಿದ್ದರು. ಊಟದ ಹೊತ್ತಿಗೆ ಸರಿಯಾಗಿ ಅದನ್ನು ನಿಲ್ಲಿಸುವ ಅಭ್ಯಾಸವೂ ಇತ್ತು. ನಿಲ್ಲಿಸುತ್ತಿದ್ದವಳು ಈಗ ಇಲ್ಲ.

“ಬಾಪ್ಪ ಬಾ, ಸುಧಾರಣೆಯವ್ನೆ. ಇವತ್ತು ಸಭೇಲಿ ನಮ್ಮನ್ನ ಎಷ್ಟೊತ್ತು ಬೈದೆ?”

“ಬೈದಿಲ್ಲ ಬಾವ. ಹೆಸರೇ ತೆಗೀಲಿಲ್ಲ.”

“ಹೆಸರಿಲ್ದೆ ಬೈದ್ಯಾ? ಅದು ಇನ್ನೂ ಜೋರು.”

ಒಳಗೆ ಬಾವನ ಮಗಳು ಸ್ಪಂದನಾ ಕಾಫಿಗೆ ಇಟ್ಟಿದ್ದಳು. ಗೋಡೆಯ ಮೇಲೆ ಸುಧಾಮಣಿಯ ಫೋಟೊ. ಅದರ ಕೆಳಗಿನ ಮೇಜಿನ ಮೇಲೆ ಎರಡು ಬೈಬಲ್, ಒಂದು ದಪ್ಪ, ಒಂದು ಸ್ವಲ್ಪ ತೆಳು. ದಪ್ಪದ್ದು ಬಾವನದು, ಎಪ್ಪತ್ತಮೂರು ಪುಸ್ತಕ. ತೆಳುವಾದದ್ದು ಅಕ್ಕ ತವರಿನಿಂದ ತಂದದ್ದು, ಅರವತ್ತಾರು. ಜಗಳ ಶುರುವಾಗುವುದು ಯಾವಾಗಲೂ ಆ ಏಳು ಪುಸ್ತಕದಿಂದಲೇ. ಸತ್ತವರಿಗಾಗಿ ಪ್ರಾರ್ಥಿಸಿದ ಸಂಗತಿ ಬರುವುದು ಆ ಏಳರಲ್ಲೊಂದರಲ್ಲಿ.

“ಆ ಏಳನ್ನ ನೀವು ಸೇರಿಸ್ಕೊಂಡ್ರಿ,” ಎಂದ ಶಾಂತರಾಜು, ಚಪ್ಪಲಿ ಬಿಡುವ ಮೊದಲೇ.

“ನೀವು ಕಳ್ಕೊಂಡ್ರಿ.” ದೊರೆಸ್ವಾಮಿ ಕುರ್ಚಿ ಎಳೆದು ಕೊಟ್ಟ. “ನಾನೊಂದ್ ಕೇಳ್ತೀನಿ. ನಿನ್ ಬೈಬಲ್ ಮೊದಲನೇ ಪುಟದಲ್ಲಿ ಪರಿವಿಡಿ ಐತಲ್ಲ, ಅರವತ್ತಾರು ಹೆಸರು. ಆ ಪಟ್ಟಿ ಯಾವ ಪುಸ್ತಕದ ಯಾವ ಅಧ್ಯಾಯದಲ್ಲಿ ಬರ್ದೈತೆ?”

“ಅಧ್ಯಾಯದಲ್ಲಿಲ್ಲ.”

“ಬೈಬಲ್‌ನಲ್ಲಿ ಇಲ್ದೆ ಇರೋದನ್ನ ನಂಬ್ಬಾರ್ದು ಅಂತೀಯ. ಪಟ್ಟಿನ ನಂಬ್ತೀಯ. ನೀನು ಫೈಲ್ ಕಟ್ಟಿದೋನು, ನೀನೇ ಹೇಳು. ಫೈಲಿನ ಪಟ್ಟಿ ಯಾರು ಮಾಡ್ತಾರೆ, ಜಡ್ಜಾ?”

“ಗುಮಾಸ್ತ.”

“ಆ ಗುಮಾಸ್ತನೇ ಸಭೆ ಕಣಪ್ಪ.”

ಈ ಮಾತು ಶಾಂತರಾಜುವನ್ನು ನಿಜವಾಗಿ ಕಾಡುತ್ತಿದ್ದದ್ದು ಬಾವನಿಗೆ ಗೊತ್ತಿರಲಿಲ್ಲ. ಹತ್ತು ಸಾವಿರ ಫೈಲಿಗಾದರೂ ಪಟ್ಟಿ ಮಾಡಿದ ಕೈ ಅದು. ಆದರೆ ಸೋಲುವುದಕ್ಕೂ ಒಂದು ಕ್ರಮವಿದೆ.

“ಗುಮಾಸ್ತ ಇರೋ ಕಾಗದಕ್ಕೆ ನಂಬರ್ ಹಾಕ್ತಾನೆ ಬಾವ. ತಾನೇ ಕಾಗದ ಬರ್ದು ಒಳಗೆ ತುರುಕಿದ್ರೆ ಸಸ್ಪೆಂಡ್ ಆಗ್ತಾನೆ. ಸ್ವರ್ಗಕ್ಕೆ ಮೊದಲು ಆತ್ಮ ಕಾಯೋ ಶುದ್ಧೀಕರಣ ಸ್ಥಳ ಅಂತ ನೀವು ತುರುಕಿದೀರಲ್ಲ, ಅಂಗೆ.”

“ಅದ್ರಲ್ಲಿ ಕಷ್ಟ ಏನಿದೆ? ಚಾಮರಾಜನಗರದಿಂದ ಊಟಿಗೆ ಓಗೋನು ಏನ್ ಮಾಡ್ತಾನೆ? ಗುಂಡ್ಲುಪೇಟೇಲಿ ಇಳೀತಾನೆ. ಮಕ ತೊಳ್ಕೊಂಡು, ಟೀ ಕುಡ್ದು, ಬಸ್ ಬದಲಾಯಿಸ್ತಾನೆ. ಊಟಿ ಗ್ಯಾರಂಟಿ, ಒಸಿ ಕಾಯ್ಬೇಕು ಅಷ್ಟೆ.”

“ಡೈರೆಕ್ಟ್ ಬಸ್ ಇದೆ.”

“ಐತೆ. ಸಂತರಿಗೆ ಬುಟ್ರೆ ಯಾರ್ಗೂ ಸೀಟ್ ಸಿಕ್ಕಲ್ಲ. ಮೂವತ್ತು ವರ್ಷ ಸೀಟ್ ಕೊಟ್ಟೋನು ನಾನು, ನಂಗೊತ್ತಿಲ್ವಾ?”

ಸ್ಪಂದನಾ ಕಾಫಿ ಇಟ್ಟು, “ಮಾವ, ಅಪ್ಪ ನಿಮ್ಮನ್ನ ಕರ್ಸಿರೋದು ಜಗಳಕ್ಕಲ್ಲ. ಕೆಲಸ ಐತೆ,” ಎಂದಳು.

ಕೆಲಸ ಇದು. ಆತ್ಮಗಳ ದಿನ ಪ್ರತಿ ಕಥೋಲಿಕ ಮನೆಯವರೂ ತಮ್ಮ ಸತ್ತವರ ಹೆಸರಿನ ಪಟ್ಟಿ ಬರೆದು ಚರ್ಚಿಗೆ ಕೊಡುತ್ತಾರೆ. ಪೀಠದ ಮುಂದಿನ ಬುಟ್ಟಿಯಲ್ಲಿ ಅದು ತಿಂಗಳಿಡೀ ಇದ್ದು, ಆಮೇಲೆ ಮನೆಗೆ ವಾಪಸು ಬರುತ್ತದೆ. ಸಂಜೆ ನಾಲ್ಕೂವರೆಗೆ ಸಮಾಧಿಗಳಿಗೆ ಪವಿತ್ರ ನೀರು ಹಾಕಲು ಬಂದಾಗ ಫಾದರ್ ಈ ವರ್ಷದಿಂದ ಆಯಾ ಮನೆಯ ಪಟ್ಟಿ ಹಿಡಿದು ಓದುತ್ತಾರೆ. ನಲವತ್ತೊಂದು ವರ್ಷ ಈ ಮನೆಯ ಪಟ್ಟಿ ಬರೆದದ್ದು ಸುಧಾಮಣಿ. ಕಳೆದ ವರ್ಷದ್ದು ಮಡಿಕೆಯಲ್ಲಿ ಹರಿದು, ಕಾಫಿ ಚೆಲ್ಲಿ ಕಲೆಯಾಗಿತ್ತು. ಹೊಸದಾಗಿ ದೊರೆಸ್ವಾಮಿಯೇ ಬರೆದು ಶನಿವಾರ ಒಯ್ದು ಕೊಟ್ಟ. ಈಗಿನ ಫಾದರ್ ವಯನಾಡಿನ ಕಡೆಯವರು, ಕನ್ನಡವನ್ನು ಅಕ್ಷರ ಅಕ್ಷರ ಹಿಡಿದು ಓದುವವರು. ಬಹಳ ಹೊತ್ತು ನೋಡಿ, ವಿನಯದಿಂದ ವಾಪಸು ಕೊಟ್ಟರಂತೆ.

ಶಾಂತರಾಜು ಬಾವನ ಪ್ರತಿಯನ್ನು ಕೈಗೆ ತೆಗೆದುಕೊಂಡ. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತು ಬರೆದ ಕೈ. ಕೂತು ಬರೆದರೂ ಅಕ್ಷರಗಳು ಕಂಬಿ ಹಿಡಿದುಕೊಂಡೇ ನಿಂತಿದ್ದವು.

“ಸ್ಪಂದನಾ ಬರೀಬಹುದಲ್ಲ?”

“ನಾನು ಹದಿನೈದು ವರ್ಷದಿಂದ ಮೆಡಿಕಲ್ ಶಾಪಲ್ಲಿದೀನಿ ಮಾವ. ಡಾಕ್ಟರ್ ಚೀಟಿ ಓದಿ ಓದಿ ನನ್ನ ಕೈನೂ ಅಂಗೇ ಆಗೋಗದೆ.”

“ನೀನು ಪ್ರಾರ್ಥನೆ ಮಾಡ್ಬ್ಯಾಡ,” ಎಂದ ದೊರೆಸ್ವಾಮಿ, ಬಹಳ ಸಾಧುವಾದ ದನಿಯಲ್ಲಿ. “ನಕಲು ಮಾಡ್ಕೊಡು, ಸಾಕು. ನಕಲು ಮಾಡಕೂಡ್ದು ಅಂತ ನಿನ್ ಅರವತ್ತಾರು ಪುಸ್ತಕದಲ್ಲಿ ಎಲ್ಲಾದ್ರೂ ಐತಾ?”

ಇರಲಿಲ್ಲ. ಶಾಂತರಾಜು ಜೇಬಿನಿಂದ ಪೆನ್ನು ತೆಗೆದ. ಅಕ್ಕನ ಹಳೆಯ ಪಟ್ಟಿಯನ್ನು ಬಿಡಿಸಿ, ಹರಿದ ಮಡಿಕೆಯನ್ನು ಬೆರಳಿನಿಂದ ಸವರಿ ಮೇಜಿನ ಮೇಲೆ ಇಟ್ಟ. ನೋಡಿದ ತಕ್ಷಣ ಅವನಿಗೆ ನಗು ಬಂತು. ಗೆರೆ ಎಳೆದು ಅವಳು ಮೂರು ಅಂಕಣ ಮಾಡಿದ್ದಳು: ಕ್ರಮಸಂಖ್ಯೆ, ಹೆಸರು, ಷರಾ. ಸರ್ಕಾರಿ ರಿಜಿಸ್ಟರುಗಳ ಕೊನೆಯಲ್ಲಿ ಏನಾದರೂ ಟಿಪ್ಪಣಿ ಇದ್ದರೆ ಬರೆಯಲು ಇರುವ ಅಂಕಣ ಅದು. ತಮ್ಮನ ಕಚೇರಿಯಿಂದ ಮನೆಗೆ ಬಂದ ಪದವನ್ನು ಅವಳು ಸತ್ತವರಿಗೆ ಬಳಸಿದ್ದಳು.

ಮೊದಲ ಸಾಲಿಗೇ ಪೆನ್ನು ನಿಂತಿತು.

“ಬಾವ, ಒಂದನೇ ನಂಬರ್ ದೊಡ್ಡಮಾದಯ್ಯ, ಭೀಮನಬೀಡು. ಎರಡು ಮೂಗಮ್ಮ. ಇವರು ನಮ್ಮ ಮುತ್ತಾತ, ಮುತ್ತಜ್ಜಿ. ದೀಕ್ಷಾಸ್ನಾನ ಆದದ್ದು ಅವರ ಮಗ ಬೆಟ್ಟಯ್ಯನಿಗೆ. ಇವರು ಸಾಯೋವರೆಗೂ ಮಾದಪ್ಪನ ಒಕ್ಕಲು.”

ದೊರೆಸ್ವಾಮಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. “ಅರೆ.”

“ನಲವತ್ತೊಂದು ವರ್ಷ ನೀವು ಓದಿಲ್ವಾ ಇದ?”

“ಅವ್ಳು ಬರ್ದು ಕವರಿಗಾಕಿ ಕೊಡ್ತಿದ್ಲು. ನಾನ್ ತಕ್ಕೊಂಡೋಗಿ ಬುಟ್ಟೀಗಾಕ್ತಿದ್ದೆ. ಮೊನ್ನೆ ಬರ್ಯೋವಾಗ್ಲೂ ಯಾರ್ ಹೆಸರು ಅಂತ ಯೋಚ್ನೆ ಮಾಡ್ನಿಲ್ಲ.” ಉಪದೇಶಿ ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡ. “ಇರ್ಲಿ. ಈಗ ನಮ್ಮ ಸಭೆ ಎಲ್ಲಾ ಸತ್ತೋರಿಗೂ ಬೇಡ್ಕೊತದೆ. ಯಾರ್ ನಂಬಿಕೆ ಏನಿತ್ತೋ ದೇವ್ರಿಗೆ ಗೊತ್ತು ಅಂತ ಪೂಜೇಲೇ ಬತ್ತದೆ.”

“ಈಗ. ಮೊದಲು?”

“ಮೊದ್ಲು... ಇಷ್ಟು ಬಾಯ್ಬುಟ್ಟು ಹೇಳ್ತಿರ್ಲಿಲ್ಲ.”

“ಹಂಗಾದ್ರೆ ಬೋಧನೆ ಬದಲಾಯ್ತು!”

“ಬದಲಾಗ್ಲಿಲ್ಲ ಕಣಪ್ಪ, ಬೆಳೀತು. ಹೊಲದಲ್ಲಿ ಕಿತ್ತ ಹಸಿ ಅರಿಸಿನನೂ ಅರಿಸಿನನೇ. ಬೇಯ್ಸಿ, ಒಣಗ್ಸಿ, ಪಾಲೀಶ್ ಮಾಡಿ ಚಾಮರಾಜನಗರದ ಮಂಡಿಗೆ ಬಂದದ್ದೂ ಅರಿಸಿನನೇ.”

“ಪಾಲೀಶ್ ಮಾಡೋವಾಗ ಡ್ರಮ್ಮಿಗೆ ಬಣ್ಣ ಸುರಿಯೋರೂ ಇದಾರೆ ಬಾವ. ಅಂಥ ಎರಡು ಕೇಸಿನ ಫೈಲು ನಾನೇ ಕಟ್ಟಿದೀನಿ.”

ಈ ಸುತ್ತು ತನ್ನದು ಎಂಬ ಖುಷಿಯಲ್ಲಿ ಶಾಂತರಾಜು ಮುಂದಿನ ಸಾಲಿಗೆ ಇಳಿದ. ಖುಷಿ ಅಲ್ಲಿಗೆ ಮುಗಿಯಿತು. ಮೂರನೆಯ ಹೆಸರು ಬೆಟ್ಟಯ್ಯ. ಮೇಣದ ಬತ್ತಿಯನ್ನು ಕಂಡರೆ ಊದಿ ಆರಿಸುತ್ತಿದ್ದ ಅವನ ತಾತ, ಅವರ ಸಭೆಯ ಮೊದಲ ಹಿರಿಯ. ಆ ತಾತನ ಹೆಸರು ನಲವತ್ತೊಂದು ವರ್ಷದಿಂದ ಕಥೋಲಿಕ ಪೀಠದ ಮುಂದೆ ಬುಟ್ಟಿಯಲ್ಲಿ ಕೂತಿತ್ತು.

“ಅವರಿಗೆ ಗೊತ್ತಾಗಿದ್ರೆ ಎದ್ದು ಬಂದಿರೋರು,” ಎಂದ ಶಾಂತರಾಜು.

“ಎದ್ದು ಬರ್ನಿಲ್ಲ. ಅಂದ್ರೆ ಆಕ್ಷೇಪಣೆ ಇಲ್ಲ ಅಂತ ಬರ್ಕೊ.”

ಅವನು ಬರೆಯುತ್ತಾ ಹೋದ. ದುಂಡಗಿನ, ಪ್ರತಿ ಒತ್ತೂ ತನ್ನ ಜಾಗದಲ್ಲಿ ನಿಂತ ಅಕ್ಷರ. ಹೆಸರು ಬರೆಯುವಾಗ ಹೆಸರನ್ನಷ್ಟೇ ನೋಡುವುದು, ಷರಾ ಬರೆಯುವಾಗ ಅಕ್ಷರವನ್ನಷ್ಟೇ ನೋಡುವುದು ನಕಲು ಮಾಡುವವರ ಶಿಸ್ತು. ಅರ್ಥಕ್ಕೆ ಕೈ ಹಾಕಿದರೆ ಕೈ ತಪ್ಪುತ್ತದೆ. ಇಪ್ಪತ್ತೆರಡು ಸಾಲು ಹಾಗೆಯೇ ಮುಗಿಯಿತು.

ಇಪ್ಪತ್ತಮೂರರಲ್ಲಿ ಸಂಖ್ಯೆ ಮಾತ್ರ ಇತ್ತು. ಹೆಸರಿಲ್ಲ. ಷರಾ ಇಲ್ಲ.

ಕಳೆದ ನವೆಂಬರಿನಲ್ಲೇ ಅವಳು ತನಗೆಂದು ಒಂದು ಸಾಲು ಖಾಲಿ ಬಿಟ್ಟಿದ್ದಳು. ಶಾಂತರಾಜು ಕಾಫಿ ಲೋಟ ಎತ್ತಿದ. ಅದು ಆಗಲೇ ಖಾಲಿಯಾಗಿತ್ತು. ಕೆಳಗಿಟ್ಟು, ‘ಸುಧಾಮಣಿ’ ಎಂದು ಬರೆದ.

“ಬರಿ ಸುಧಾಮಣಿ ಸಾಕಾ? ನಿಮ್ಮ ಕಡೆ ಬೇರೆ ಹೆಸರು ಕೊಟ್ರಾ ಅವಳಿಗೆ?”

“ಇಲ್ಲ. ನಿಮ್ಮ ಸಭೇಲಿ ಆದ ಸ್ನಾನನೇ ಸಾಕು ಅಂದ್ರು ಆಗಿನ್ ಫಾದರ್ರು. ಮತ್ತೆ ನೀರು ಹಾಕ್ನಿಲ್ಲ.”

“ನಮ್ಮ ನೀರು ನಿಮಗೆ ನಡೀತದೆ ಅಂದಂಗಾಯ್ತು.”

“ನೀರು ನಡೀತದೆ. ಬಾಯಿ ನಡೆಯಕಿಲ್ಲ.” ದೊರೆಸ್ವಾಮಿ ಬೆರಳಿಟ್ಟು ತೋರಿಸಿದ. “ಷರಾ ಖಾಲಿ ಬುಟ್ಟಿದೀಯ.”

“ಮೂಲದಲ್ಲಿ ಖಾಲಿ ಇದೆ. ಖಾಲಿ ಇದ್ರೆ ಅಡ್ಡಗೆರೆ ಎಳೀಬೇಕು, ಯಾರೂ ಆಮೇಲೆ ಏನೂ ಸೇರಿಸಬಾರದು ಅಂತ. ನಿಯಮ.”

“ಎಳಿ.”

ಶಾಂತರಾಜು ಪೆನ್ನನ್ನು ಅಂಕಣದ ಎಡತುದಿಗೆ ಇಟ್ಟ. ಅಡುಗೆಮನೆಯಲ್ಲಿ ಸ್ಪಂದನಾ ನಲ್ಲಿ ನಿಲ್ಲಿಸಿದಳು. ಮೂವತ್ತನಾಲ್ಕು ವರ್ಷದಲ್ಲಿ ಇಂಥ ಲಕ್ಷ ಗೆರೆ ಎಳೆದಿದ್ದಾನು. ಇದೊಂದು ಬರಲಿಲ್ಲ. ಪೆನ್ನು ಇಟ್ಟಲ್ಲಿ ಶಾಯಿ ಸಣ್ಣ ಚುಕ್ಕಿಯಾಯಿತು. ಚುಕ್ಕಿ ಬಿದ್ದ ಮೇಲೆ ಅದರಿಂದ ಏನಾದರೂ ಮಾಡಲೇಬೇಕು. ಅವನು ಬರೆದ: ‘ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು. ಅವಳಿಗೆ ಮೊದಲು ಬಡಿಸು.’ ಪಕ್ಕದಲ್ಲಿ ‘ಹೊಸದಾಗಿ ಸೇರಿಸಿದೆ’ ಎಂದು ಹಾಕಿ ಚಿಕ್ಕ ಸಹಿ ಮಾಡಿದ.

ದೊರೆಸ್ವಾಮಿ ಓದಿದ. “ಯಾರಿಗೇಳ್ತಿದೀಯ ಇದ, ‘ಬಡಿಸು’ ಅಂತ?”

“ಅರ್ಜಿ ಯಾರಿಗೆ ಹೋಗ್ಬೇಕೋ ಅವ್ರಿಗೆ. ನಾನು ಗುಮಾಸ್ತ.”

ನಕಲು ಮುಗಿದರೆ ಕೆಲಸ ಮುಗಿಯುವುದಿಲ್ಲ. ತಾಳೆ ನೋಡಬೇಕು. ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಮೂಲ ಹಿಡಿದು ಅಕ್ಷರ ಬಿಡದೆ ನೋಡುತ್ತಾ ಹೋಗಬೇಕು. ಆಮೇಲೆ ಇಬ್ಬರ ಸಹಿ. ತಾಳೆ ನೋಡದ ನಕಲು ಶಾಂತರಾಜುವಿನ ಮೇಜಿನಿಂದ ಒಂದೂ ಹೊರಗೆ ಹೋಗಿದ್ದಿಲ್ಲ. ಇಲ್ಲಿ ತಾಳೆ ಬೇಕೆಂದು ಬಾವ ಕೇಳಲಿಲ್ಲ, ಸ್ಪಂದನಾ ಕೇಳಲಿಲ್ಲ. ಕೇಳಿದವನು ಅವನೇ. ಹಳೆಯ ಪಟ್ಟಿಯನ್ನು ಬಾವನ ಕೈಗೆ ಕೊಟ್ಟು, ಹೊಸದನ್ನು ತಾನು ಹಿಡಿದು, ನ್ಯಾಯಾಲಯದ ದನಿಯಲ್ಲಿ ಶುರು ಮಾಡಿದ.

“ಒಂದು. ದೊಡ್ಡಮಾದಯ್ಯ, ಭೀಮನಬೀಡು. ಷರಾ: ಬಿಸಿಲಲ್ಲೇ ಬದುಕಿದರು. ನೆರಳು ಕೊಡು.”

“ಸರಿ.”

“ಎರಡು. ಮೂಗಮ್ಮ. ಷರಾ: ಒಂಬತ್ತು ಹೆತ್ತು ನಾಲ್ಕು ಉಳಿಸಿಕೊಂಡಳು. ಆ ಐದನ್ನು ತೋರಿಸು.”

“ಸರಿ.”

“ಮೂರು. ಬೆಟ್ಟಯ್ಯ. ಷರಾ: ಕೋಪಿಷ್ಠ. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾಲ್ಕು. ಕರಿಯಮ್ಮ. ಷರಾ: ಬೆಟ್ಟಯ್ಯನ ಜೊತೆ ಬಾಳಿದಳು. ಇನ್ನೇನು ಹೇಳಲಿ.”

ಬರೆಯುವಾಗ ಅಕ್ಷರವಾಗಿದ್ದದ್ದು ಬಾಯಿಗೆ ಬಂದಾಗ ಮಾತಾಗಿಬಿಟ್ಟಿತ್ತು. ಏಳನೆಯ ಸಾಲಿನ ಹೊತ್ತಿಗೆ ಶಾಂತರಾಜುವಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಾಯಿತು. ಬೆಳಗ್ಗೆ ಹನ್ನೊಂದಕ್ಕೆ ಕೊಟ್ಟ ಮೂರನೆಯ ಉದಾಹರಣೆಯನ್ನು ಮಧ್ಯಾಹ್ನ ಮೂರಕ್ಕೆ, ಸಾಕ್ಷಿ ಸಮೇತ, ಸಾಲು ಸಾಲಾಗಿ ಮಾಡುತ್ತಿದ್ದ. ನಿಲ್ಲಿಸಬಹುದಿತ್ತು. ಅರ್ಧ ತಾಳೆ ನೋಡಿದ ನಕಲಿಗೆ ಬೆಲೆಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮುಂದುವರಿದ. ಕಾರಣ ಅದಲ್ಲ ಎಂಬುದೂ ಅವನಿಗೆ ತಿಳಿದಿತ್ತು.

“ಹನ್ನೊಂದು. ಭಾಗ್ಯಮ್ಮ.” ಅದು ಅವನ ತಾಯಿ. “ಷರಾ: ಬೇಗ ಹೋದಳು. ಮಕ್ಕಳು ಉಂಡಿದ್ದಾರೆ ಎಂದು ಹೇಳು.”

ದೊರೆಸ್ವಾಮಿ ‘ಸರಿ’ ಎನ್ನಲಿಲ್ಲ. ತಲೆ ಮಾತ್ರ ಆಡಿಸಿದ. ಬಾವನಿಗೆ ಮಾತು ನಿಂತದ್ದನ್ನು ಶಾಂತರಾಜು ಅಂದೇ ಮೊದಲು ಕಂಡದ್ದು. ಇನ್ನೊಂದು ದಿನವಾಗಿದ್ದರೆ ಅದನ್ನು ಗೆಲುವು ಎಂದು ಎಣಿಸಿಕೊಳ್ಳುತ್ತಿದ್ದ.

“ಇಪ್ಪತ್ತಮೂರು. ಸುಧಾಮಣಿ.” ಷರಾವನ್ನು ಕಾಗದ ನೋಡದೆ ಹೇಳಿದ. ಒಂದೇ ಮಾತು. ಅಕ್ಕ ಕೇಳಿದ್ದೂ ಅಷ್ಟೇ.

“ಮುಗೀತು,” ಎಂದ.

“ಎಲ್ಲಿ ಮುಗೀತು? ಹಿಂಬದಿ ನೋಡಿದ್ಯಾ?” ದೊರೆಸ್ವಾಮಿ ಹಳೆಯ ಪಟ್ಟಿಯನ್ನು ಮಗುಚಿದ. ಹಿಂದಿನ ಪುಟದಲ್ಲಿ, ಅದೇ ಕೈಯಲ್ಲಿ, ಇನ್ನೂ ಎರಡು ಸಾಲಿದ್ದವು. ಹೆಸರಿನ ಜಾಗ ಎರಡರಲ್ಲೂ ಖಾಲಿ. ಷರಾ ಮಾತ್ರ ತುಂಬಿತ್ತು.

“ಇಪ್ಪತ್ನಾಲ್ಕು,” ಎಂದು ಉಪದೇಶಿಯೇ ಓದಿದ. “ಗೊರಕೆ ಹೊಡೆಯುತ್ತಾರೆ. ಅಕ್ಕಪಕ್ಕದವರಿಗೆ ತಾಳ್ಮೆ ಕೊಡು.”

ಅಡುಗೆಮನೆಯ ಬಾಗಿಲಲ್ಲಿ ಸ್ಪಂದನಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಇದು ನಂದು, ಒಪ್ಕೊತೀನಿ. ಇಪ್ಪತ್ತೈದು: ವಾದ ಮಾಡುತ್ತಾನೆ. ಮಾಡಲಿ ಬಿಡು. ಹಸಿದಾಗ ಸುಮ್ಮನಾಗುತ್ತಾನೆ.”

“ಅದು ಯಾರೋ,” ಎಂದ ಶಾಂತರಾಜು.

“ಯಾರೋ.”

“ಹೆಸರಿಲ್ಲ ಅದ್ರಲ್ಲಿ.”

“ಇಲ್ಲ.”

“ನಾನು ಕಥೋಲಿಕ ಪಟ್ಟೀಲಿ ಸೇರಕ್ಕೆ ಒಪ್ಪಿಗೆ ಕೊಟ್ಟಿಲ್ಲ ಬಾವ.”

“ನಿನ್ನ ಒಪ್ಗೆ ಬೇಕಾಗೊ ಒತ್ಗೆ ನೀನಿರಕಿಲ್ಲ ಬುಡು.”

ಶಾಂತರಾಜು ಹೊಸ ಹಾಳೆಯನ್ನು ಮತ್ತೆ ಎದುರಿಗೆ ಎಳೆದುಕೊಂಡ. ಮೂಲದಲ್ಲಿ ಇದ್ದದ್ದನ್ನು ನಕಲುಗಾರ ಬಿಡುವಂತಿಲ್ಲ. ಇಪ್ಪತ್ತನಾಲ್ಕನ್ನು ಬರೆದ. ಇಪ್ಪತ್ತೈದನ್ನೂ ಬರೆದ, ಉಳಿದವುಗಳಿಗಿಂತ ಸ್ವಲ್ಪ ಚಿಕ್ಕ ಅಕ್ಷರದಲ್ಲಿ. ಕೊನೆಗೆ ‘ನಕಲು ಮಾಡಿದವರು’ ಎಂದು ತನ್ನ ಸಹಿ, ‘ತಾಳೆ ನೋಡಿದವರು’ ಎಂದು ಬಾವನ ಸಹಿ. ಬಾವನ ಸಹಿ ಎಂದಿನಂತೆ ಕಂಬಿ ಹಿಡಿದು ನಿಂತಿತು.

ಸ್ಮಶಾನಕ್ಕೆ ಹೊರಡುವ ಹೊತ್ತಿಗೆ ನೀಲಾವತಿಯ ಫೋನು ಬಂತು. “ಏನಾಯ್ತು? ಬೇಡ್ಕೊಂಡ್ರಾ?”

“ನಕಲು ಮಾಡ್ದೆ.”

“ಅದ್ ಕೇಳ್ನಿಲ್ಲ.”

“ತಾಳೆನೂ ನೋಡ್ದೆ,” ಎಂದು ಹೇಳಿ ಅವನು ಫೋನು ಇಟ್ಟ. ಚೆಂಡುಹೂವಿನ ಚೀಲ ಎತ್ತಿಕೊಂಡ. ಪಟ್ಟಿಯನ್ನು ಮಡಿಸದೆ, ಮೇಜಿನ ಮೇಲಿನ ಎರಡು ಬೈಬಲಿನಲ್ಲಿ ದಪ್ಪದ್ದರೊಳಗೆ ಇಟ್ಟ, ಅದರ ಅಳತೆ ಹಾಳೆಗೆ ಸರಿಹೋಗುತ್ತದೆ ಎಂಬ ಕಾರಣಕ್ಕೆ. ಆ ಕಾರಣವನ್ನು ಬಾವನಿಗೆ ಎರಡು ಸಲ ವಿವರಿಸಿದ. ಬಾವ ಎರಡು ಸಲವೂ ಹೂಂ ಎಂದ.

ಗೇಟು ದಾಟುವಾಗ ಶಾಂತರಾಜು ತಿರುಗಿ ನಿಂತ.

“ಗೆರೆ ಸೊಟ್ಟಗಿದೆ ಬಾವ ಈ ಹಾಳೇಲಿ. ಮುಂದಿನ ವರ್ಷಕ್ಕೆ ರೂಲ್ ಹಾಳೆ ತಂದಿಡಿ.”